ಹೆಸರು ಬಿಟ್ಟುಕೊಡದೆ ಗ್ರೂಪಿನಲ್ಲಿ ಮಾತಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಮ್ಮ ಗ್ರೂಪು ಶುರುವಾದ ಮೂರನೇ ದಿನಕ್ಕೇ ಒಬ್ಬರು ಹೊರಟುಹೋದರು. ಐವಿಎಫ್ ಚಿಕಿತ್ಸೆಗೆಂದು ಬೆಂಗಳೂರಿಗೂ ಮಂಗಳೂರಿಗೂ ಓಡಾಡುತ್ತಿದ್ದ ಮಲೆನಾಡು ಕಡೆಯ ಹೆಂಗಸರು ಒಂದಿಪ್ಪತ್ತು ಮಂದಿ ಸೇರಿ ಮಾಡಿಕೊಂಡ ವಾಟ್ಸಾಪ್ ಗ್ರೂಪು ಅದು. ಅಡ್ಮಿನ್ ನಾನೇ. ಹೆಸರು ಹೇಳಬೇಕಾಗಿಲ್ಲ, ಊರು ಹೇಳಬೇಕಾಗಿಲ್ಲ ಅಂತ ಮೊದಲೇ ಬರೆದು ಹಾಕಿದ್ದೆ. ಒಬ್ಬರು ಇಂಜೆಕ್ಷನ್ನಿನ ನೋವು, ಮನೆಯವರ ಮಾತು ಎಲ್ಲವನ್ನೂ ಮನಸ್ಸು ಬಿಚ್ಚಿ ಬರೆದರು. ಓದಿದ ಇನ್ನೊಬ್ಬರಿಗೆ ಕುತೂಹಲ ತಡೆಯಲಾಗದೆ ಆ ನಂಬರನ್ನು ಯುಪಿಐ ಆ್ಯಪಿಗೆ ಹಾಕಿ ನೋಡಿದರು. ದುಡ್ಡು ಕಳಿಸುವ ಮಾತೇ ಇಲ್ಲ, ನಂಬರ್ ಒತ್ತಿದ ಕೂಡಲೇ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಪರದೆಗೆ ಬಂತು. "ಅಯ್ಯೋ, ನೀವು ನಮ್ಮಕ್ಕನ ಮಗಳ ಕ್ಲಾಸ್ ಟೀಚರ್ ಅಲ್ವಾ ಮೇಡಂ?" ಪ್ರೀತಿಯಿಂದಲೇ ಕೇಳಿದ್ದು. ಟೀಚರ್ ಅದೇ ನಿಮಿಷ ಗ್ರೂಪು ಬಿಟ್ಟರು.

ಆ ಗ್ರೂಪಿನ ಒಂದೊಂದು ಮೆಸೇಜಿಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್, ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದ ಬೀಗ, ಇತ್ತು. ವಾಟ್ಸಾಪಿನಲ್ಲಿ 2016ರಿಂದ ಇದೆ. ಆದರೆ ಎನ್‌ಕ್ರಿಪ್ಶನ್ ಕಾಯುವುದು ಏನು ಮಾತಾಡಿದಿರಿ ಅನ್ನುವುದನ್ನು, ಅದೂ ಹೊರಗಿನವರಿಂದ. ಮಾತಾಡಿದ್ದು ಯಾರು ಅನ್ನುವುದನ್ನು ಒಳಗೇ ಕೂತವರಿಂದ ಮುಚ್ಚಿಡುವುದು ಅದರ ಕೆಲಸವಲ್ಲ. ಗ್ರೂಪಿನಲ್ಲಿ ಗುಟ್ಟು ರಟ್ಟಾಗುವುದು ಹೆಚ್ಚಾಗಿ ಈ ಎರಡನೇ ದಾರಿಯಲ್ಲಿ. ಅದಾದ ಮೇಲೆ ಎಲ್ಲವನ್ನೂ ಕಿತ್ತುಹಾಕಿ ಹೊಸದಾಗಿ ಕಟ್ಟಿದೆವು. ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಕುಡಿತ ಬಿಡುವವರ ಬಳಗ, ಎಚ್‌ಐವಿ ಇರುವವರ ಬಳಗ, ಮನೆಯಲ್ಲಿ ಹೊಡೆತ ತಿನ್ನುವವರ ಬಳಗ, ಆಫೀಸಿನ ಕಿರುಕುಳದ ಬಗ್ಗೆ ಮಾತಾಡುವವರ ಬಳಗ, ಯಾವುದಕ್ಕಾದರೂ ಇದೇ ದಾರಿ.

ಹೆಜ್ಜೆ 1: ಯಾರಿಂದ ಅಡಗಬೇಕು ಅಂತ ಮೊದಲು ಬರೆದಿಡಿ

ಒಂದು ಚೀಟಿ ತೆಗೆದುಕೊಂಡು ಬರೆಯಿರಿ: ಅತ್ತೆ ಮನೆಯವರು, ಆಫೀಸಿನ ಎಚ್‌ಆರ್, ಪಕ್ಕದ ಮನೆಯವರು, ಗ್ರೂಪಿನ ಉಳಿದ ಸದಸ್ಯರು, ಆ್ಯಪ್ ಕಂಪನಿ, ಸರ್ಕಾರ. ನಿಮಗೆ ಯಾರ ಭಯ ಇದೆಯೋ ಅವರಿಗೆ ಗುರುತು ಹಾಕಿ. ನಮ್ಮಲ್ಲಿ ಎಲ್ಲರೂ ಗುರುತು ಹಾಕಿದ್ದು ಸಂಬಂಧಿಕರಿಗೆ ಮತ್ತು ಗ್ರೂಪಿನೊಳಗಿನವರಿಗೆ. ಆ್ಯಪ್ ಕಂಪನಿ ಯಾರಿಗೂ ದೊಡ್ಡ ಚಿಂತೆಯಾಗಿರಲಿಲ್ಲ.

ಈ ಮಾರ್ಗದರ್ಶಿ ಆ ಭಯಕ್ಕೆ. ಪೊಲೀಸರಿಂದ ತಪ್ಪಿಸಿಕೊಳ್ಳುವ ವಿದ್ಯೆ ಇದಲ್ಲ, ಸಿಮ್ ಕೊಳ್ಳುವಾಗಲೇ ನಿಮ್ಮ ದಾಖಲೆ ಕೊಟ್ಟಿರುತ್ತೀರಿ. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಮೆಸೇಜಿಂಗ್ ಸೇವೆಗಳು ಒಂದು ಮೆಸೇಜನ್ನು ಮೊದಲು ಕಳಿಸಿದ್ದು ಯಾರೆಂದು ಹೇಳಬೇಕು ಅನ್ನುವ ನಿಯಮ 2021ರ ಐಟಿ ನಿಯಮಗಳಲ್ಲಿದೆ. ವಾಟ್ಸಾಪ್ ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ಹಾಗಂತ ಗುಟ್ಟಾಗಿ ಮಾತಾಡುವುದೇ ತಪ್ಪು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟದ್ದು.

ಹೆಜ್ಜೆ 2: ನಂಬರ್ ಕಾಣದ ಜಾಗ ಹುಡುಕಿ

ನಮ್ಮ ದೇಶದಲ್ಲಿ ಮೊಬೈಲ್ ನಂಬರ್ ಅಂದರೆ ಹೆಸರೇ. ಯುಪಿಐ ಬ್ಯಾಂಕಿನ ಹೆಸರು ಹೇಳುತ್ತದೆ. ಟ್ರೂಕಾಲರ್, ಬೇರೆಯವರು ನಿಮ್ಮನ್ನು ಏನೆಂದು ಸೇವ್ ಮಾಡಿಕೊಂಡಿದ್ದಾರೋ ಅದನ್ನು ಹೇಳುತ್ತದೆ; "ಸುಮಾ ಕೆನರಾ ಬ್ಯಾಂಕ್ ಸಾಗರ" ಅಂತ ಯಾರೋ ಸೇವ್ ಮಾಡಿದ್ದರೆ ಹೆಸರು, ಕೆಲಸ, ಊರು ಒಂದೇ ಸಾಲಿನಲ್ಲಿ ಮುಗಿಯಿತು. ಆದ್ದರಿಂದ ಆ್ಯಪ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಸದಸ್ಯರಿಗೆ ನನ್ನ ನಂಬರ್ ಕಾಣುತ್ತದೆಯೇ?

ವಾಟ್ಸಾಪಿನ ಮಾಮೂಲಿ ಗ್ರೂಪಿನಲ್ಲಿ 1024 ಜನರವರೆಗೆ ಸೇರಬಹುದು, ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹಲವು ಗ್ರೂಪುಗಳನ್ನು ಒಟ್ಟಿಗೆ ಕಟ್ಟುವ ಕಮ್ಯುನಿಟಿ ಮಾಡಿದರೆ ಅದರ ಅನೌನ್ಸ್‌ಮೆಂಟ್ ಗ್ರೂಪಿನಲ್ಲಿ ನಂಬರ್ ಉಳಿದ ಸದಸ್ಯರಿಗೆ ಕಾಣುವುದಿಲ್ಲ, ಆದರೆ ಅಲ್ಲಿ ಮಾತು ಶುರುಮಾಡುವುದು ಅಡ್ಮಿನ್ ಮಾತ್ರ. ಬರೀ ಮಾಹಿತಿ ಹಂಚುವುದಾದರೆ ವಾಟ್ಸಾಪ್ ಚಾನೆಲ್ ಸಾಕು.

ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಡಬಹುದು. ಪ್ರೈವೆಸಿಯಲ್ಲಿ ಫೋನ್ ನಂಬರ್ ಯಾರಿಗೂ ಕಾಣದಂತೆ ಮಾಡಿ, ಅದರ ಕೆಳಗೇ ಇರುವ ನಂಬರಿನಿಂದ ಹುಡುಕುವ ಅವಕಾಶವನ್ನೂ ಕಾಂಟ್ಯಾಕ್ಟುಗಳಿಗೆ ಮಾತ್ರ ಅಂತ ಇಡಬೇಕು. ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. 2019ರ ಹಾಂಗ್‌ಕಾಂಗ್ ಚಳವಳಿಯ ಹೊತ್ತಿನಲ್ಲಿ ಇದೇ ಸಂದಿ ದೊಡ್ಡ ತಲೆನೋವಾಗಿತ್ತು: ಸಾವಿರಾರು ನಂಬರುಗಳನ್ನು ಕಾಂಟ್ಯಾಕ್ಟಿಗೆ ತುಂಬಿಕೊಂಡರೆ ಗ್ರೂಪಿನಲ್ಲಿರುವವರ ನಂಬರ್ ತಾಳೆಹಾಕಬಹುದಾಗಿತ್ತು. ಇನ್ನೊಂದು ಮಾತು, ಟೆಲಿಗ್ರಾಂ ಗ್ರೂಪುಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇಲ್ಲವೇ ಇಲ್ಲ. ಅದು ಇಬ್ಬರ ನಡುವಿನ ಸೀಕ್ರೆಟ್ ಚಾಟಿಗೆ ಮಾತ್ರ. ಸರಿಯಾದ ಕಾನೂನು ಕೋರಿಕೆ ಬಂದರೆ ನಂಬರ್ ಮತ್ತು ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತುಸಂಖ್ಯೆ) ಕೊಡಬಹುದು ಅಂತ 2024ರ ಸೆಪ್ಟೆಂಬರಿನಲ್ಲಿ ಕಂಪನಿ ತನ್ನ ನೀತಿಯನ್ನೇ ಬದಲಿಸಿಕೊಂಡಿತು. ಸಾವಿರಾರು ಜನರ ಬಹಿರಂಗ ಚರ್ಚೆಗೆ ಸರಿ, ನಮ್ಮಂಥ ಬಳಗಕ್ಕೆ ಬೇಡ.

ನಾವು ಹೋದದ್ದು ಸಿಗ್ನಲ್ ಅನ್ನುವ ಮೆಸೇಜಿಂಗ್ ಆ್ಯಪಿಗೆ. ನೋಂದಣಿಗೆ ನಂಬರ್ ಬೇಕು, ಆದರೆ 2024ರ ಫೆಬ್ರವರಿಯಲ್ಲಿ ಯೂಸರ್‌ನೇಮ್ ಬಂದ ಮೇಲೆ ಅದನ್ನು ಉಳಿದವರಿಗೆ ತೋರಿಸಬೇಕಾಗಿಲ್ಲ. 2021ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು (ಮೊಕದ್ದಮೆ ಹೂಡಬೇಕೇ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿ) ಒಬ್ಬ ಬಳಕೆದಾರರ ವಿವರ ಕೇಳಿದಾಗ ಸಿಗ್ನಲ್ ಕೊಡಲು ಸಾಧ್ಯವಾದದ್ದು ಎರಡೇ ಸಂಗತಿ: ಖಾತೆ ತೆರೆದದ್ದು ಯಾವಾಗ, ಕೊನೆಗೆ ಬಂದುಹೋದದ್ದು ಯಾವಾಗ. ಉಳಿದದ್ದನ್ನು ಅವರು ಇಟ್ಟುಕೊಂಡೇ ಇರಲಿಲ್ಲ.

ಹೆಜ್ಜೆ 3: ಖಾತೆ ತೆರೆಯುವಾಗಲೇ ಎಚ್ಚರ

ಇಲ್ಲಿ ಅವಸರ ಮಾಡಬೇಡಿ. ತಪ್ಪುಗಳಲ್ಲಿ ಅರ್ಧದಷ್ಟು ಈ ಐದು ನಿಮಿಷದಲ್ಲೇ ಆಗುತ್ತವೆ.

ನೀವು ಈಗಾಗಲೇ ಸಿಗ್ನಲ್ ಬಳಸುತ್ತಿಲ್ಲವಾದರೆ ನಿಮ್ಮ ಮಾಮೂಲಿ ನಂಬರೇ ಸಾಕು, ನಮ್ಮಲ್ಲಿ ಹೆಚ್ಚಿನವರಿಗೆ ಎರಡನೇ ಸಿಮ್ ಬೇಕಾಗಲಿಲ್ಲ. ಈಗಾಗಲೇ ಸ್ವಂತ ಹೆಸರು, ಫೋಟೋ ಹಾಕಿಕೊಂಡು ಬಳಸುತ್ತಿದ್ದರೆ ಮಾತ್ರ ಬೇರೆ ನಂಬರ್ ಬೇಕು. ಯಾಕೆಂದರೆ ಸಿಗ್ನಲ್‌ನಲ್ಲಿ ಒಂದು ಖಾತೆಗೆ ಒಂದೇ ಪ್ರೊಫೈಲ್. ತಮ್ಮನಿಗೆ ಕಾಣುವ ಹೆಸರೇ ಗ್ರೂಪಿಗೂ ಕಾಣುತ್ತದೆ.

ಎರಡನೇ ಸಿಮ್ ತೆಗೆದುಕೊಂಡರೆ ನಿಮ್ಮ ಹೆಸರಿನಲ್ಲೇ ತೆಗೆದುಕೊಳ್ಳಿ. ಒಬ್ಬರ ಹೆಸರಿನಲ್ಲಿ 9 ಸಂಪರ್ಕದವರೆಗೆ ಅವಕಾಶವಿದೆ. ಬೇರೆಯವರ ದಾಖಲೆ ಕೊಟ್ಟು ಮೋಸದಿಂದ ಸಿಮ್ ಪಡೆಯುವುದು 2023ರ ದೂರಸಂಪರ್ಕ ಕಾಯ್ದೆಯಡಿ ಜೈಲಿಗೆ ಹೋಗುವ ಅಪರಾಧ. ಆ ನಂಬರನ್ನು ಯುಪಿಐಗೆ, ಕೊರಿಯರಿಗೆ, ಅಂಗಡಿಯ ಬಿಲ್ಲಿಗೆ ಎಲ್ಲಿಗೂ ಕೊಡಬೇಡಿ. ರೀಚಾರ್ಜ್ ಮಾತ್ರ ಮರೆಯಬೇಡಿ; ಬಿಟ್ಟರೆ ನಂಬರ್ ಸತ್ತು, ಕೆಲವು ತಿಂಗಳಲ್ಲಿ ಇನ್ಯಾರದೋ ಕೈ ಸೇರುತ್ತದೆ.

ಆ್ಯಪ್ ತೆರೆದಾಗ ಕಾಂಟ್ಯಾಕ್ಟ್ ಓದಲು ಅನುಮತಿ ಕೇಳುತ್ತದೆ, ಬೇಡ ಅನ್ನಿ. ಹೆಸರಿನ ಜಾಗದಲ್ಲಿ ಸುಮ್ಮನೆ ಟೈಪ್ ಮಾಡಿಬಿಡುವುದು ನಮ್ಮ ಕೈಗೆ ಅಭ್ಯಾಸ. ಒಮ್ಮೆ ಸ್ವಂತ ಹೆಸರು ಹಾಕಿ ಆಮೇಲೆ ಬದಲಿಸಿದರೆ, ಇಂಥವರು ಇಂಥ ಹೆಸರಿಗೆ ಬದಲಾಯಿಸಿಕೊಂಡರು ಅಂತ ಚಾಟಿನಲ್ಲೇ ಸಾಲು ಬಂದು ಕೂರುತ್ತದೆ. ಆದ್ದರಿಂದ ಮೊದಲ ಸಲವೇ ಅಡ್ಡಹೆಸರು. ನಮ್ಮಲ್ಲಿ ಎಲ್ಲರೂ ಗಿಡಮರದ ಹೆಸರಿಟ್ಟುಕೊಂಡಿದ್ದಾರೆ: ಸಂಪಿಗೆ, ನೇರಳೆ, ಬಸಳೆ. ಇನ್‌ಸ್ಟಾಗ್ರಾಂನಲ್ಲೋ ಇಮೇಲಿನಲ್ಲೋ ಬಳಸಿದ ಅಡ್ಡಹೆಸರು ಬೇಡವೇ ಬೇಡ. ಮಗುವಾದರೆ ಇಡಬೇಕು ಅಂದುಕೊಂಡ ಹೆಸರೂ ಬೇಡ. ಒಬ್ಬರು ಹಾಗೆ ಮಾಡಿದ್ದರು, ಆ ಹೆಸರು ಅವರ ತಂಗಿಗೆ ಗೊತ್ತಿತ್ತು.

ಆಮೇಲೆ ಸೆಟ್ಟಿಂಗ್ಸ್, ಪ್ರೈವೆಸಿ, ಫೋನ್ ನಂಬರ್. ಅಲ್ಲಿ ಎರಡು ಪ್ರಶ್ನೆ ಇವೆ: ನನ್ನ ನಂಬರ್ ಯಾರಿಗೆ ಕಾಣಬೇಕು, ನಂಬರಿನಿಂದ ನನ್ನನ್ನು ಯಾರು ಹುಡುಕಬಹುದು. ಎರಡಕ್ಕೂ ನೋಬಡಿ. ಎರಡನೆಯದನ್ನು ಹಾಗೇ ಬಿಟ್ಟರೆ ನಿಮ್ಮ ನಂಬರ್ ಇರುವ ಯಾರ ಫೋನಿನಲ್ಲಾದರೂ ನೀವು ಸಿಗ್ನಲ್‌ಗೆ ಬಂದಿರಿ ಅನ್ನುವ ಸೂಚನೆ ಹೋಗಬಹುದು. ಬೇಕಿದ್ದರೆ ಯೂಸರ್‌ನೇಮ್ ಮಾಡಿಕೊಳ್ಳಿ. ಅದರ ಕೊನೆಯಲ್ಲಿ ಕನಿಷ್ಠ ಎರಡು ಅಂಕಿ ಬರುತ್ತವೆ; ಹುಟ್ಟಿದ ವರ್ಷ ಹಾಕಬೇಡಿ ಅಂತ ಬಿಡಿಸಿ ಹೇಳಬೇಕಾಗಿಲ್ಲ ತಾನೆ? ಪಿನ್ ಇಟ್ಟು, ಬೇರೆಯವರು ನಿಮ್ಮ ನಂಬರಿನಿಂದ ಖಾತೆ ತೆರೆಯದಂತೆ ರಿಜಿಸ್ಟ್ರೇಶನ್ ಲಾಕ್ ಹಾಕಿ. ಪ್ರೊಫೈಲಿಗೆ ಫೋಟೋ ಬೇಡ, ನಿಮ್ಮ ಮನೆಯ ರಂಗೋಲಿಯ ಫೋಟೋ ಕೂಡ.

ಹೆಜ್ಜೆ 4: ಗ್ರೂಪು ಕಟ್ಟುವುದು (ಅಡ್ಮಿನ್‌ಗಳಿಗೆ)

ಗ್ರೂಪಿಗೆ ಪೆದ್ದು ಹೆಸರಿಡಿ. ಫೋನ್ ಊಟದ ಮೇಜಿನ ಮೇಲಿರುತ್ತದೆ, ಮೆಸೇಜ್ ಬಂದು ಪರದೆ ಬೆಳಗುತ್ತದೆ, ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ. "ಐವಿಎಫ್ ಗೆಳತಿಯರು" ಅಂತಿದ್ದರೆ ಅಲ್ಲಿಗೆ ಮುಗಿಯಿತು. ನಮ್ಮ ಗ್ರೂಪಿನ ಹೆಸರು "ಉಪ್ಪಿನಕಾಯಿ ಆರ್ಡರ್". ಜೊತೆಗೆ ಪ್ರತಿಯೊಬ್ಬರೂ ನೋಟಿಫಿಕೇಶನ್ ಸೆಟ್ಟಿಂಗಿನಲ್ಲಿ ಹೆಸರೂ ಮೆಸೇಜೂ ಕಾಣದಂತೆ ಮಾಡಿಕೊಳ್ಳುವುದು ಕಡ್ಡಾಯ.

ಸಿಗ್ನಲ್‌ನಲ್ಲಿ ಗ್ರೂಪ್ ಲಿಂಕ್ ಆನ್ ಮಾಡಿ, ಹೊಸಬರಿಗೆ ಅಡ್ಮಿನ್ ಒಪ್ಪಿಗೆ ಬೇಕು ಅನ್ನುವುದನ್ನೂ ಆನ್ ಮಾಡಿ. ಸದಸ್ಯರನ್ನು ಸೇರಿಸುವ, ಗ್ರೂಪಿನ ವಿವರ ಬದಲಿಸುವ ಅಧಿಕಾರ ಅಡ್ಮಿನ್‌ಗೆ ಮಾತ್ರ ಇರಲಿ. ಲಿಂಕನ್ನು ಫೇಸ್‌ಬುಕ್ಕಿನಲ್ಲೋ ವೆಬ್‌ಸೈಟಿನಲ್ಲೋ ಹಾಕಬೇಡಿ. 2020ರಲ್ಲಿ ವಾಟ್ಸಾಪ್ ಗ್ರೂಪುಗಳ ಲಿಂಕುಗಳು ಗೂಗಲ್ ಹುಡುಕಾಟದಲ್ಲೇ ಸಿಕ್ಕಿ ದೊಡ್ಡ ಸುದ್ದಿಯಾಗಿತ್ತು. ನಾಲ್ಕೈದು ಜನ ಸೇರಿದ ಮೇಲೆ ಲಿಂಕ್ ರೀಸೆಟ್ ಮಾಡಿ.

ಮೆಸೇಜುಗಳು ತಾವಾಗಿಯೇ ಅಳಿಸಿಹೋಗುವ ಅವಧಿಯನ್ನು ಕೆಲವು ಸೆಕೆಂಡಿನಿಂದ 4 ವಾರದವರೆಗೆ ಇಡಬಹುದು. ಒಂದು ದಿನ ಇಟ್ಟು ನೋಡಿದೆವು. ಕೆಲಸದಿಂದ ಬಂದು ಓದುವಷ್ಟರಲ್ಲಿ ಮಾಯವಾಗುತ್ತಿತ್ತು, ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಒಂದು ವಾರ ಸರಿಹೋಯಿತು. ಇದು ಸ್ಕ್ರೀನ್‌ಶಾಟನ್ನು ತಡೆಯುವುದಿಲ್ಲ. ಕಳೆದುಹೋದ ಫೋನು, ರಿಪೇರಿಗೆ ಕೊಟ್ಟ ಫೋನು, ಗಂಡನ ಕೈಗೆ ಸಿಕ್ಕ ಫೋನು, ಇವುಗಳಿಂದ ಮಾತ್ರ ಕಾಪಾಡುತ್ತದೆ. ಆದರೆ ನಡೆಯುವ ಅನಾಹುತಗಳಲ್ಲಿ ಹೆಚ್ಚಿನವು ಅವೇ.

ವಾಟ್ಸಾಪಿನಲ್ಲೇ ಇರಬೇಕಾದ ಅನಿವಾರ್ಯ ಇದ್ದವರಿಗೆ ಎರಡು ಮಾತು. ಗ್ರೂಪಿನ ಸೆಟ್ಟಿಂಗಿನಲ್ಲಿ ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ ಹಾಕಿದರೆ ಚಾಟ್ ಎಕ್ಸ್‌ಪೋರ್ಟ್ ಮಾಡುವುದು ನಿಲ್ಲುತ್ತದೆ. ಬ್ಯಾಕಪ್ಪಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನನ್ನು ಬೇರೆಯಾಗಿಯೇ ಆನ್ ಮಾಡಬೇಕು, ಅದೂ ಪ್ರತಿಯೊಬ್ಬ ಸದಸ್ಯರೂ. ಒಬ್ಬರು ಮಾಡದಿದ್ದರೂ ಎಲ್ಲರ ಮಾತೂ ಅವರ ಬ್ಯಾಕಪ್ಪಿನಲ್ಲಿ ಬೀಗವಿಲ್ಲದೆ ಕೂತಿರುತ್ತದೆ.

ಹೆಜ್ಜೆ 5: ಒಳಗೆ ಬಿಡುವಾಗ

ಹೆಸರು ಕೇಳದೆ ನಂಬುವುದು ಹೇಗೆ? ಇದಕ್ಕೆ ಸೆಟ್ಟಿಂಗಿಲ್ಲ. ಈಗಾಗಲೇ ಇರುವ ಸದಸ್ಯರೊಬ್ಬರು ಹೊಣೆ ಹೊರಬೇಕು ಅನ್ನುವುದು ನಮ್ಮ ನಿಯಮ. ಜೊತೆಗೆ ಆ ಚಿಕಿತ್ಸೆಯಲ್ಲಿ ಇದ್ದವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಕೇಳುತ್ತೇನೆ. ಪ್ರಶ್ನೆ ಯಾವುದು ಅಂತ ಇಲ್ಲಿ ಹೇಳುವುದಿಲ್ಲ, ಬಿಡಿ.

ಯಾರು ಸಂಪಿಗೆ, ಯಾರು ನೇರಳೆ ಅಂತ ಅಡ್ಮಿನ್ ಎಲ್ಲೂ ಪಟ್ಟಿ ಮಾಡಿಡಬಾರದು. ಮೊದಲ ಗ್ರೂಪಿನಲ್ಲಿ ನನ್ನ ಹತ್ತಿರ ಎಕ್ಸೆಲ್ ಹಾಳೆ ಇತ್ತು, ಹೆಸರು, ನಂಬರ್, ಡಾಕ್ಟರ್ ಯಾರು ಅನ್ನುವುದರ ಸಮೇತ. ಯಾರೂ ಕದಿಯಲಿಲ್ಲ, ನನ್ನ ಪುಣ್ಯ. ಈಗ ಅಂಥದ್ದೇನೂ ಇಲ್ಲ. ಯಾರಾದರೂ ನನ್ನನ್ನು ಕೂರಿಸಿಕೊಂಡು ಕೇಳಿದರೂ ಹೇಳಲು ನನಗೆ ಗೊತ್ತಿರುವುದು ಮೂರೋ ನಾಲ್ಕೋ ಜನ.

ಇಮೇಲಿನಲ್ಲಿ ಸೂಚನೆ ಕಳಿಸುವವರಿದ್ದರೆ ಒಂದು ಘಟನೆ ನೆನಪಿಟ್ಟುಕೊಳ್ಳಿ. 2015ರಲ್ಲಿ ಲಂಡನ್ನಿನ ಒಂದು ಕ್ಲಿನಿಕ್ಕಿನವರು ಎಚ್‌ಐವಿ ಸೇವೆಗೆ ಸಂಬಂಧಿಸಿದ ಸುದ್ದಿಪತ್ರವನ್ನು ಕಳಿಸುವಾಗ ವಿಳಾಸಗಳನ್ನು ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಖಾನೆ) ಹಾಕುವ ಬದಲು ಟು ಜಾಗದಲ್ಲಿ ಹಾಕಿಬಿಟ್ಟರು. ಸುಮಾರು 780 ಜನರ ಇಮೇಲ್, ಹೆಚ್ಚಿನವು ಪೂರ್ತಿ ಹೆಸರಿನ ಸಮೇತ, ಎಲ್ಲರಿಗೂ ಕಂಡಿತು. ಬಿದ್ದ ದಂಡ 1,80,000 ಪೌಂಡ್. ಒಂದು ಖಾನೆಯ ವ್ಯತ್ಯಾಸ ಅಷ್ಟೇ.

ಗೂಢ ವಿಷಯ ಎತ್ತುವ ಮೊದಲು ಸದಸ್ಯರ ಪಟ್ಟಿಯನ್ನು ಒಮ್ಮೆ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. 2025ರ ಮಾರ್ಚಿನಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಮೈಕ್ ವಾಲ್ಟ್ಜ್ ಯೆಮನ್ ಮೇಲಿನ ದಾಳಿ ಚರ್ಚಿಸುವ ಸಿಗ್ನಲ್ ಗ್ರೂಪಿಗೆ ದಿ ಅಟ್ಲಾಂಟಿಕ್ ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಅವರನ್ನೇ ಸೇರಿಸಿಕೊಂಡಿದ್ದರು. ಮಂತ್ರಿಗಳೆಲ್ಲ ಇದ್ದ ಗ್ರೂಪಿನಲ್ಲಿ ಒಬ್ಬರೂ ಪಟ್ಟಿ ನೋಡಲಿಲ್ಲ.

ಹೆಜ್ಜೆ 6: ಮಾತಾಡುವಾಗ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ನಂಬರ್ ಮುಚ್ಚಬಹುದು, ಮಾತನ್ನು ಮುಚ್ಚುವುದು ಹೇಗೆ?

ಒಬ್ಬರು ಒಂದು ದಿನ "ನಾನು ಶಿರಸಿ ಕಡೆಯವಳು" ಅಂದರು. ವಾರದ ನಂತರ "ಕಾಲೇಜಿಗೆ ರಜೆ ಹಾಕಿ ಹೋಗಬೇಕು". ಇನ್ನೊಂದು ದಿನ "ಯಜಮಾನರು ಹಡಗಿನಲ್ಲಿರುವುದರಿಂದ ತಾರೀಖು ಹೊಂದಿಸುವುದು ಕಷ್ಟ". ಒಂದೊಂದೇ ನೋಡಿದರೆ ಏನೂ ಇಲ್ಲ. ಮೂರನ್ನೂ ಕೂಡಿಸಿದರೆ ಶಿರಸಿಯಲ್ಲಿ ಅಂಥವರು ಎಷ್ಟು ಜನ ಇದ್ದಾರು? ಅಮೆರಿಕದ ಲತಾನ್ಯಾ ಸ್ವೀನಿ ಅನ್ನುವ ಸಂಶೋಧಕಿ 1990ರ ಜನಗಣತಿ ಇಟ್ಟುಕೊಂಡು ಲೆಕ್ಕ ಹಾಕಿದ್ದರು: ಪಿನ್‌ಕೋಡಿನಂಥ ಜಿಪ್‌ಕೋಡ್, ಹುಟ್ಟಿದ ದಿನಾಂಕ, ಲಿಂಗ, ಈ ಮೂರು ಸಿಕ್ಕರೆ ಅಲ್ಲಿನ ಶೇ 87ರಷ್ಟು ಜನರನ್ನು ಒಬ್ಬೊಬ್ಬರನ್ನಾಗಿ ಗುರುತಿಸಬಹುದು. ನಮ್ಮ ಊರುಗಳಲ್ಲಿ ಅಷ್ಟೂ ಬೇಕಾಗಿಲ್ಲ. ಆದ್ದರಿಂದ ಊರಿನ ಬದಲು ಜಿಲ್ಲೆ, ತಾರೀಖಿನ ಬದಲು "ಹೋದ ತಿಂಗಳು", ಕೆಲಸದ ಬದಲು "ಡ್ಯೂಟಿ". ಬೇಕೆಂದೇ ಒಂದೆರಡು ಸುಳ್ಳು ವಿವರ ಸೇರಿಸಿದರೂ ತಪ್ಪಿಲ್ಲ, ಔಷಧಿ ಮತ್ತು ಡೋಸಿನ ವಿಷಯದಲ್ಲಿ ಮಾತ್ರ ಸುಳ್ಳು ಬೇಡ.

ಇನ್ನು ಕನ್ನಡ. ನಮ್ಮ ಕನ್ನಡವೇ ನಮ್ಮನ್ನು ಹಿಡಿದುಕೊಡುತ್ತದೆ. "ಹೊಂಟೀನ್ರಿ" ಅಂದರೆ ಉತ್ತರ ಕರ್ನಾಟಕ, "ಎಂತ ಮಾಡುದು ಮಾರಾಯ್ರೆ" ಅಂದರೆ ಕರಾವಳಿ. ಇಷ್ಟಾದರೆ ಪರವಾಗಿಲ್ಲ, ಅದು ಲಕ್ಷಾಂತರ ಜನರ ಮಾತು. ಕುತ್ತು ಇರುವುದು ನಿಮ್ಮೊಬ್ಬರದೇ ಆದ ಪಲುಕಿನಲ್ಲಿ. ನಮ್ಮ ಬಸಳೆ ಪ್ರತಿಯೊಂದಕ್ಕೂ "ಎಂಥ ಸಾವು ಮಾರಾಯ್ತಿ, ದೇವ್ರಿಗೇ ಪ್ರೀತಿ" ಅಂತ ಬರೆಯುತ್ತಿದ್ದರು, ಕೊನೆಗೆ ಯಾವಾಗಲೂ ಮೂರು ಚುಕ್ಕಿ. ಎರಡನೇ ವಾರ ನೇರಳೆ ನನಗೆ ಬೇರೆಯಾಗಿ ಮೆಸೇಜ್ ಮಾಡಿದರು: "ಅಕ್ಕ, ಬಸಳೆ ನನ್ನ ಓರಗಿತ್ತಿ." ಒಂದೇ ಮನೆ, ಒಂದೇ ಅಡುಗೆಮನೆ, ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟು ಚಿಕಿತ್ಸೆಗೆ ಹೋಗುತ್ತಿದ್ದರು. ನಾನು ಯಾರಿಗೂ ಏನೂ ಹೇಳಲಿಲ್ಲ. ಪಲುಕು ಬಿಟ್ಟು ಬರೆಯಿರಿ ಅಂತ ಎಲ್ಲರಿಗೂ ಸೇರಿಸಿ ಒಂದು ಸೂಚನೆ ಹಾಕಿದೆ, ಅಷ್ಟೆ.

ಉಪಾಯ ಸರಳ: ಸ್ವಲ್ಪ ಪೇಪರ್ ಭಾಷೆಯಲ್ಲಿ ಬರೆಯಿರಿ, ವಾಕ್ಯ ಚಿಕ್ಕದಿರಲಿ, ಸದಾ ಹಾಕುವ ಇಮೋಜಿ ಬಿಡಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪಿಸುವವರು ಇನ್ನಷ್ಟು ಬೇಗ ಸಿಕ್ಕಿಬೀಳುತ್ತಾರೆ, ಒಬ್ಬೊಬ್ಬರ ಸ್ಪೆಲಿಂಗೂ ಒಂದೊಂದು ಥರ. ವಾಯ್ಸ್ ಮೆಸೇಜ್ ಪೂರ್ತಿ ನಿಷೇಧ.

ಹೆಜ್ಜೆ 7: ಫೋಟೋ, ರಿಪೋರ್ಟು, ವಿಡಿಯೊ ಮೀಟಿಂಗು

ರಿಪೋರ್ಟಿನ ಫೋಟೋ ಹಾಕುವ ಬದಲು ಅಂಕಿಯನ್ನು ಟೈಪ್ ಮಾಡಿ: "ಎಎಂಎಚ್ 1.2" (ಅಂಡಾಣುಗಳ ಸಂಗ್ರಹ ಅಂದಾಜಿಸುವ ರಕ್ತಪರೀಕ್ಷೆ). ಹಾಕಲೇಬೇಕಾದರೆ ಬೇಕಾದ ಸಾಲನ್ನಷ್ಟೇ ಕ್ರಾಪ್ ಮಾಡಿ. ಹೆಸರಿಗೆ ಪೆನ್ನಿನಂಥ ಬ್ರಷ್ ಎಳೆಯುತ್ತಾರೆ. ಅದು ಅರೆಪಾರದರ್ಶಕವಾಗಿದ್ದರೆ ಬ್ರೈಟ್‌ನೆಸ್ ಏರಿಸಿದಾಗ ಕೆಳಗಿನ ಅಕ್ಷರ ಕಾಣುತ್ತದೆ. ಬಾರ್‌ಕೋಡ್, ಆಸ್ಪತ್ರೆಯ ನೋಂದಣಿ ಸಂಖ್ಯೆ ಕೂಡ ಹೆಸರೇ ಅಂತ ತಿಳಿಯಿರಿ. ಫೋಟೋ ತೆಗೆದ ಜಾಗ ಫೈಲಿನೊಳಗೇ ಅಡಗಿರಬಹುದು. 2012ರಲ್ಲಿ ಅಡಗಿಕೊಂಡು ಓಡಾಡುತ್ತಿದ್ದ, ಆ್ಯಂಟಿವೈರಸ್ ಕಂಪನಿ ಕಟ್ಟಿದ್ದ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿರುವುದು ಗೊತ್ತಾದದ್ದು ಪತ್ರಕರ್ತರು ಹಾಕಿದ ಒಂದು ಫೋಟೋದಿಂದ. ವಾಟ್ಸಾಪ್, ಸಿಗ್ನಲ್ ಎರಡೂ ಫೋಟೋ ಎಂದು ಕಳಿಸಿದರೆ ಆ ಮಾಹಿತಿ ತೆಗೆದುಹಾಕುತ್ತವೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ಹೋಗಬಹುದು.

ವಿಡಿಯೊ ಮೀಟಿಂಗಿಗೆ ಸೇರುವ ಮುಂಚೆ ತೋರುವ ಹೆಸರು ನೋಡಿ. ಗೂಗಲ್ ಮೀಟ್ ನಿಮ್ಮ ಜಿಮೇಲ್ ಹೆಸರನ್ನೇ ತೋರಿಸುತ್ತದೆ, ಜೂಮ್‌ನಲ್ಲಿ ಬದಲಿಸಬಹುದು. ಕ್ಯಾಮೆರಾ ಆಫ್, ಮೈಕ್ ಮ್ಯೂಟ್, ಮಾತು ಚಾಟಿನಲ್ಲಿ. ನೋಟ್ಸ್ ಬರೆದುಕೊಳ್ಳುವ ಎಐ ಬಾಟ್ ಯಾರದಾದರೂ ಬಂದು ಕೂತಿದ್ದರೆ ಮೊದಲು ಹೊರಗೆ ಹಾಕಿ.

ದುಡ್ಡು ಕೂಡಿಸುವ ಸಂದರ್ಭ ಬಂದರೆ ಯುಪಿಐ ಬೇಡ, ಕಳಿಸಿದವರ ಹೆಸರೂ ಪಡೆದವರ ಹೆಸರೂ ಬಯಲಾಗುತ್ತದೆ. ಮತ ಹಾಕಿಸುವಾಗ ವಾಟ್ಸಾಪ್ ಪೋಲ್ ಯಾರು ಯಾವುದಕ್ಕೆ ಒತ್ತಿದರು ಅಂತ ತೋರಿಸುತ್ತದೆ. ಗೂಗಲ್ ಫಾರ್ಮ್ ಆದರೆ ಇಮೇಲ್ ಸಂಗ್ರಹ ಆಫ್ ಇದೆಯೇ ಅಂತ ನೋಡಿ.

ಹೆಜ್ಜೆ 8: ಗುಟ್ಟು ಹೊರಬಿದ್ದರೆ

ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಅಳಿಸಿ. ಈ ಕ್ರಮ ತಪ್ಪಿದರೆ ಪುರಾವೆಯೇ ಉಳಿಯುವುದಿಲ್ಲ. ಸಿಗ್ನಲ್‌ನಲ್ಲಿ ನಿಮ್ಮ ಮೆಸೇಜನ್ನು 24 ಗಂಟೆಯೊಳಗೆ ಎಲ್ಲರ ಫೋನಿನಿಂದಲೂ ತೆಗೆಯಬಹುದು. ಸೋರಿಸಿದವರು ಗೊತ್ತಾದರೆ ಹೊರಗೆ ಹಾಕಿ ಲಿಂಕ್ ರೀಸೆಟ್ ಮಾಡಿ. ಗೊತ್ತಾಗದಿದ್ದರೆ ಗ್ರೂಪನ್ನೇ ಮುಚ್ಚಿ, ಒಬ್ಬೊಬ್ಬರನ್ನಾಗಿ ಹೊಸದಕ್ಕೆ ಕರೆಯಿರಿ. ಏನಾಯಿತು ಅಂತ ಸದಸ್ಯರಿಗೆ ಅದೇ ದಿನ ಹೇಳಿ, ಮುಚ್ಚಿಡಬೇಡಿ.

ಬೆದರಿಕೆ, ಬ್ಲ್ಯಾಕ್‌ಮೇಲ್ ಶುರುವಾದರೆ ದುಡ್ಡು ಕೊಡಬೇಡಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್ಲಿನಲ್ಲಿ ದೂರು ಕೊಡಬಹುದು. ದುಡ್ಡು ಹೋಗಿದ್ದರೆ ತಕ್ಷಣ 1930. ಕರ್ನಾಟಕದ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ. ಎಚ್‌ಐವಿ ಸಂಗತಿಯಾದರೆ ಒಪ್ಪಿಗೆಯಿಲ್ಲದೆ ಅದನ್ನು ಬಯಲು ಮಾಡುವುದನ್ನು 2017ರ ಕಾಯ್ದೆಯೇ ತಡೆಯುತ್ತದೆ. ಸದಸ್ಯರೊಬ್ಬರು ಏನೋ ಹಾಕಿದ ಮಾತ್ರಕ್ಕೆ ಅಡ್ಮಿನ್ ಹೊಣೆಯಲ್ಲ ಅಂತ ಬಾಂಬೆ ಹೈಕೋರ್ಟು 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ಹೇಳಿವೆ. ಅಡ್ಮಿನ್ ಆಗಲು ಹೆದರುವವರಿಗೆ ಇದು ತಿಳಿದಿರಲಿ.

ಹೆಜ್ಜೆ 9: ಬಿಟ್ಟು ಹೋಗುವಾಗ

ವಾಟ್ಸಾಪಿನಲ್ಲಿ ಸದ್ದಿಲ್ಲದೆ ಬಿಡಬಹುದು, ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ. ಆದರೂ ಹಿಂದಿನ ಸದಸ್ಯರ ಪಟ್ಟಿಯಲ್ಲಿ 60 ದಿನ ನಿಮ್ಮ ನಂಬರ್ ಕೂತಿರುತ್ತದೆ. ಸಿಗ್ನಲ್‌ನಲ್ಲಿ ಅಡ್ಡಹೆಸರು ಬಿಟ್ಟುಹೋಯಿತು ಅಂತ ಮಾತ್ರ ಬರುತ್ತದೆ. ಎರಡನೇ ಸಿಮ್ ಬೇಡ ಅನ್ನಿಸಿದರೆ ಮೊದಲು ಆ್ಯಪಿನೊಳಗಿನಿಂದಲೇ ಖಾತೆ ಅಳಿಸಿ, ಆಮೇಲೆ ಸಿಮ್ ಬಿಡಿ. ಬರೀ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಖಾತೆ ಅಲ್ಲೇ ಇರುತ್ತದೆ. ನಮ್ಮಲ್ಲಿ ಗರ್ಭ ನಿಂತವರು ಸಾಮಾನ್ಯವಾಗಿ ಮೂರು ತಿಂಗಳು ಕಳೆದ ಮೇಲೆ ಹೋಗುತ್ತಾರೆ, ಏನೂ ಹೇಳದೆ. ಹೋದವರನ್ನು ಯಾಕೆಂದು ಕೇಳಬಾರದು ಅನ್ನುವುದು ಗ್ರೂಪಿನ ವಿವರದಲ್ಲಿ ಬರೆದಿರುವ ಕೊನೆಯ ಸಾಲು. ಬಸಳೆ ಹೋದ ದಿನ ನೇರಳೆಯೂ ಏನೂ ಕೇಳಲಿಲ್ಲ.